ಏಳಡಿ ಎರಡಿಂಚಿನ ಸಹವಿಮಾನಚಾಲಕ

ಪ್ರಶ್ನೆ: ‘ಗೇಮ್ ಆಫ್ ಡೆತ್’ ಚಿತ್ರದಲ್ಲಿ ಬ್ರೂಸ್ ಲೀಯೊಂದಿಗೆ ಕಾದಾಡುವ ಆ ಅತಿ ಎತ್ತರದ ವ್ಯಕ್ತಿ ಬ್ಯಾಸ್ಕೆಟ್‌ಬಾಲ್ ಆಟಗಾರ ಎಂದು ಗೆಳೆಯರು ಹೇಳುತ್ತಾರೆ. ಇದು ನಿಜವೇ? ಅವರ ಬದುಕಿನ ಬಗ್ಗೆ ತಿಳಿಸಿ.
— ಓದುಗರೊಬ್ಬರು, ಧಾರವಾಡ

ಉತ್ತರ: ನಿಜ, ಅದೂ ಅಂತಿಂಥ ಆಟಗಾರರಲ್ಲ. ಅವರು ಕರೀಂ ಅಬ್ದುಲ್ ಜಬ್ಬಾರ್. 1947ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದಾಗ ಅವರಿಗೆ ಇಟ್ಟ ಹೆಸರು ಫರ್ಡಿನಾಂಡ್ ಲೂಯಿಸ್ ಅಲ್ಸಿಂಡರ್. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ವುಡನ್ ಅವರ ಗರಡಿಯಲ್ಲಿ ಪಳಗಿದ ಅವರು 1967ರಿಂದ 1969ರವರೆಗೆ ಸತತ ಮೂರು ವರ್ಷ ತಮ್ಮ ತಂಡಕ್ಕೆ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ತಂದುಕೊಟ್ಟರು. ಅವರ ಎತ್ತರಕ್ಕೆ ಎದುರಾಳಿಗಳು ಎಷ್ಟು ಕಂಗೆಟ್ಟಿದ್ದರೆಂದರೆ, 1967ರಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಡಂಕ್ ಮಾಡುವುದನ್ನೇ, ಅಂದರೆ ನೆಗೆದು ಚೆಂಡನ್ನು ಮೇಲಿನಿಂದ ನೇರವಾಗಿ ಬುಟ್ಟಿಯೊಳಗೆ ತುರುಕುವುದನ್ನೇ, ನಿಷೇಧಿಸಲಾಯಿತು. ನಿಯಮ ರೂಪಿಸಿದವರು ಕಾರಣ ಏನೇ ಕೊಟ್ಟಿರಲಿ, ಜನ ಮಾತ್ರ ಅದನ್ನು ‘ಅಲ್ಸಿಂಡರ್ ನಿಯಮ’ ಎಂದೇ ಕರೆದರು. ಅದರಿಂದ ಅವರಿಗೆ ನಷ್ಟಕ್ಕಿಂತ ಲಾಭವೇ ಹೆಚ್ಚಾಯಿತು ಎಂಬುದು ನನ್ನ ಅಭಿಪ್ರಾಯ. ಬುಟ್ಟಿಗೆ ಪಕ್ಕ ಮಾಡಿ ನಿಂತು, ಒಂದು ಕೈಯನ್ನು ತಲೆಯ ಮೇಲಕ್ಕೆ ಪೂರ್ತಿ ಚಾಚಿ, ಮಣಿಕಟ್ಟನ್ನು ಬಾಗಿಸಿ ಚೆಂಡನ್ನು ತೇಲಿಬಿಡುವ ‘ಸ್ಕೈಹುಕ್’ ಎಂಬ ಹೊಡೆತವನ್ನು ಅವರು ಆ ವರ್ಷಗಳಲ್ಲೇ ಇನ್ನಷ್ಟು ತಿದ್ದಿಕೊಂಡರು. ಮುಂದೆ 20 ಋತುಗಳ ಕಾಲ ವೃತ್ತಿಪರ ಆಟಗಾರರಿಗೂ ಅದನ್ನು ತಡೆಯುವ ಉಪಾಯ ಹೊಳೆಯಲಿಲ್ಲ.

1969ರಲ್ಲಿ ಮಿಲ್ವಾಕೀ ಬಕ್ಸ್ ತಂಡ ಸೇರಿದ ಅವರು ಎರಡೇ ವರ್ಷದಲ್ಲಿ ಅದನ್ನು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಚಾಂಪಿಯನ್ ಪಟ್ಟಕ್ಕೇರಿಸಿದರು. ಇಸ್ಲಾಂ ಸ್ವೀಕರಿಸಿದ್ದ ಅವರು ಈಗಿನ ಹೆಸರನ್ನು ಸಾರ್ವಜನಿಕವಾಗಿ ಬಳಸತೊಡಗಿದ್ದು ಅದೇ 1971ರಲ್ಲಿ. 1975ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್‌ಗೆ ಬಂದು, ಅಲ್ಲಿ ಇನ್ನೂ ಐದು ಬಾರಿ ಚಾಂಪಿಯನ್ ಆದರು. ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಅವರಿಗೆ ಆರು ಸಲ ಬಂದಿದೆ. 1989ರಲ್ಲಿ ನಿವೃತ್ತರಾದಾಗ ವಯಸ್ಸು 42 ಆಗಿತ್ತು. ಅಷ್ಟು ದೀರ್ಘ ಕಾಲ ದೇಹ ಬಾಳಿಕೆ ಬಂದದ್ದು ಯೋಗಾಭ್ಯಾಸದಿಂದ ಎಂದು ಅವರೇ ಹಲವು ಬಾರಿ ಹೇಳಿದ್ದಾರೆ.

ಇನ್ನು ಬ್ರೂಸ್ ಲೀಯ ವಿಷಯ. ಕರೀಂ ಕಾಲೇಜಿನಲ್ಲಿದ್ದಾಗಲೇ ಲಾಸ್ ಏಂಜಲೀಸ್‌ನಲ್ಲಿ ಲೀಯ ಬಳಿ ಕದನಕಲೆ ಕಲಿಯುತ್ತಿದ್ದರು. ಆದ್ದರಿಂದ ಆ ದೃಶ್ಯದಲ್ಲಿ ನೀವು ನೋಡುವುದು ಗುರು ಶಿಷ್ಯರ ಕಾದಾಟ. 1972ರಲ್ಲಿ, ಲೀಗ್ ಪಂದ್ಯಗಳಿಲ್ಲದ ಬಿಡುವಿನಲ್ಲಿ ಅವರು ಹಾಂಗ್‌ಕಾಂಗ್‌ಗೆ ಹೋಗಿ ಚಿತ್ರೀಕರಣದಲ್ಲಿ ಪಾಲ್ಗೊಂಡರು. ಮರುವರ್ಷ ಲೀ ತೀರಿಕೊಂಡ ಕಾರಣ ಚಿತ್ರ ಅರ್ಧಕ್ಕೆ ನಿಂತು, ಬೇರೆಯವರ ಕೈಯಲ್ಲಿ ಹೇಗೋ ಮುಗಿದು 1978ರಲ್ಲಿ ತೆರೆ ಕಂಡಿತು. ಚಿತ್ರ ಒಟ್ಟಾರೆ ತೇಪೆ ಹಚ್ಚಿದಂತಿದೆಯಾದರೂ ಆ ಕಾದಾಟ ಮಾತ್ರ ಅಪ್ಪಟ. ಕರೀಂ ಕುರ್ಚಿಯಲ್ಲಿ ಕುಳಿತೇ ಕಾಲು ಚಾಚಿ ಎದುರಾಳಿಯನ್ನು ದೂರವಿಡುತ್ತಾರೆ. ಲೀಯ ಹಳದಿ ಉಡುಪಿನ ಎದೆಯ ಮೇಲೆ ಅವರ ಪಾದದ ಗುರುತು ದೊಡ್ಡದಾಗಿ ಮೂಡುತ್ತದೆ. ಆ ಪಾತ್ರದ ಕಣ್ಣಿಗೆ ಬೆಳಕು ಸಹಿಸದು. ಅದನ್ನು ಗಮನಿಸಿದ ಲೀ ಕಿಟಕಿಗಳನ್ನು ಒಡೆದು ಬೆಳಕು ಒಳಗೆ ಬರುವಂತೆ ಮಾಡಿ ಗೆಲ್ಲುತ್ತಾರೆ. ಮಾತು ಕಡಿಮೆ, ಕೆಲಸವೆಲ್ಲ ದೇಹದ್ದೇ. ಹೊಸಬ ನಟನಿಗೆ ಇದಕ್ಕಿಂತ ಅನುಕೂಲದ ಪಾತ್ರ ಸಿಗುವುದು ಕಷ್ಟ.

ಪ್ರಶ್ನೆ: ಆಟಗಾರರು ತೆರೆಯ ಮೇಲೆ ಬಂದರೆ ಅದು ಬರೀ ಪ್ರಚಾರ, ನಟನೆಯಲ್ಲ. ಕರೀಂ ಅವರನ್ನು ನಟ ಎನ್ನಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಎನ್ನಬಹುದು, ಆದರೆ ಅವರು ಯಾವ ಬಗೆಯ ನಟ ಎಂಬುದನ್ನು ಸ್ಪಷ್ಟಪಡಿಸಿಕೊಂಡೇ ಎನ್ನಬೇಕು. 1980ರ ‘ಏರ್‌ಪ್ಲೇನ್!’ ಎಂಬ ಹಾಸ್ಯಚಿತ್ರದಲ್ಲಿ ಅವರದು ರೋಜರ್ ಮರ್ಡಾಕ್ ಎಂಬ ಸಹವಿಮಾನಚಾಲಕನ ಪಾತ್ರ. ಕಾಕ್‌ಪಿಟ್‌ಗೆ ಬಂದ ಪುಟ್ಟ ಹುಡುಗನೊಬ್ಬ ಅವರನ್ನು ನೋಡಿದೊಡನೆ ಗುರುತು ಹಿಡಿದು, ನೀವು ಕರೀಂ ಅಲ್ಲವೇ ಎನ್ನುತ್ತಾನೆ. ಅಲ್ಲ, ನಾನು ಮರ್ಡಾಕ್ ಎಂದು ಅವರು ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಉತ್ತರಿಸುತ್ತಾರೆ. ಹುಡುಗ ಬಿಡುವುದಿಲ್ಲ. ನೀವು ಡಿಫೆನ್ಸ್‌ನಲ್ಲಿ ಮೈ ಬಗ್ಗಿಸುವುದಿಲ್ಲ, ಪ್ಲೇ ಆಫ್ ಬರುವವರೆಗೂ ಮನಸ್ಸಿಟ್ಟು ಆಡುವುದಿಲ್ಲ ಎಂದು ಅಪ್ಪ ಹೇಳುತ್ತಾರೆ ಎಂದು ಒಂದೇ ಸಮನೆ ಚುಚ್ಚುತ್ತಾನೆ. ಆಗ ಸಹಚಾಲಕನ ಸಹನೆಯ ಕಟ್ಟೆ ಒಡೆಯುತ್ತದೆ. ಹುಡುಗನ ಅಂಗಿ ಹಿಡಿದೆಳೆದು, ವಾಲ್ಟನ್ ಮತ್ತು ಲೇನಿಯರ್‌ರಂಥ ದೈತ್ಯರನ್ನು 48 ನಿಮಿಷ ಅಂಕಣದುದ್ದಕ್ಕೂ ಎಳೆದಾಡಿ ನೋಡಲಿ ನಿನ್ನಪ್ಪ ಎಂಬರ್ಥದಲ್ಲಿ ಸಿಡಿಯುತ್ತಾರೆ. ಕೊನೆಗೆ ಪ್ರಜ್ಞೆ ತಪ್ಪಿದ ಅವರನ್ನು ಎಳೆದೊಯ್ಯುವಾಗ ನೋಡಿದರೆ, ಪೈಲಟ್ ಅಂಗಿಯ ಕೆಳಗೆ ಲೇಕರ್ಸ್ ಚಡ್ಡಿ ಮತ್ತು ಕಣ್ಣಿಗೆ ಅವರ ಪ್ರಸಿದ್ಧ ಕನ್ನಡಕ!

ಆ ಕನ್ನಡಕ ಶೋಕಿಯದಲ್ಲ. ಆಟದಲ್ಲಿ ಮತ್ತೆ ಮತ್ತೆ ಕಣ್ಣಿಗೆ ಪೆಟ್ಟು ಬಿದ್ದು ಕಾರ್ನಿಯಾ ಗೀರಿದ್ದರಿಂದ ಅವರು ಧರಿಸತೊಡಗಿದ್ದು. ಹುಡುಗನ ಬಾಯಿಂದ ಬಂದ ದೂರುಗಳೂ ಕಲ್ಪಿತವಲ್ಲ. ಕರೀಂ ಸಿಡುಕು ಮುಖದವರು, ಮೈಗಳ್ಳರು ಎಂಬ ಗೊಣಗಾಟ ಪ್ರೇಕ್ಷಕರಲ್ಲೂ ಕ್ರೀಡಾ ಬರಹಗಾರರಲ್ಲೂ ಬಹಳ ಕಾಲದಿಂದ ಇತ್ತು. ಚಿತ್ರ ಬಿಡುಗಡೆಯಾದ ಆ ವರ್ಷವೇ ಅವರು ಆರನೆಯ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದದ್ದು ಬೇರೆ ಮಾತು. ತನ್ನ ಮೇಲಿನ ಆರೋಪವನ್ನು ತಾನೇ ಚಿತ್ರಕಥೆಯ ಸಂಭಾಷಣೆಯಾಗಿ ಒಪ್ಪಿಕೊಂಡು, ಅದಕ್ಕೆ ಸರಿಯಾದ ಹೊತ್ತಿನಲ್ಲಿ ಸಿಟ್ಟಾಗಿ, ಜನರನ್ನು ನಗಿಸುವುದಕ್ಕೆ ಒಳ್ಳೆಯ ಕಾಲಪ್ರಜ್ಞೆ ಬೇಕು. ತಾವಲ್ಲದ ಮನುಷ್ಯನೊಬ್ಬನ ಅಂತರಂಗವನ್ನು ತೆರೆದು ತೋರುವ ನಟನೆಗೆ ಅವರು ಕೈಹಾಕಿದವರಲ್ಲ. ತಮ್ಮ ಮಿತಿ ಅವರಿಗೆ ಗೊತ್ತಿತ್ತು. ಅದು ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಬ್ಬ ಬ್ಯಾಸ್ಕೆಟ್‌ಬಾಲ್ ತಾರೆ ಶಕೀಲ್ ಓ’ನೀಲ್ 1996ರಲ್ಲಿ ಬಯಕೆ ಈಡೇರಿಸುವ ಜೀನಿಯಾಗಿಯೂ ಮರುವರ್ಷ ಸೂಪರ್‌ಹೀರೋ ಆಗಿಯೂ ನಟಿಸಿದ ಎರಡು ಚಿತ್ರಗಳು ಸೋತು ಮಲಗಿದ್ದನ್ನು ನೋಡಬಹುದು.

ಪ್ರಶ್ನೆ: ನಾನು ಕಾಲೇಜು ತಂಡದಲ್ಲಿ ಆಡುತ್ತೇನೆ, ನಾಟಕದ ಗೀಳೂ ಇದೆ. ವೃತ್ತಿಪರ ಆಟಗಾರರು ಎರಡನ್ನೂ ಹೇಗೆ ಹೊಂದಿಸಿಕೊಳ್ಳುತ್ತಾರೆ?
— ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಕ್ಯಾಲೆಂಡರ್ ನೋಡಿಕೊಂಡು. ಎನ್‌ಬಿಎ ಋತು ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಆರಂಭವಾಗಿ, ಫೈನಲ್ ತಲುಪಿದ ತಂಡಗಳಿಗೆ ಜೂನ್‌ವರೆಗೆ ನಡೆಯುತ್ತದೆ. ಒಂದು ತಂಡಕ್ಕೆ ಲೀಗ್ ಹಂತದಲ್ಲೇ 82 ಪಂದ್ಯಗಳು. ಆದ್ದರಿಂದ ಚಿತ್ರೀಕರಣಕ್ಕೆ ಉಳಿಯುವುದು ಅಲ್ಲಿನ ಬೇಸಿಗೆ, ಅಂದರೆ ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ನಿಮಗೆ ಹೆಚ್ಚು ಉಪಯುಕ್ತವಾದ ಉದಾಹರಣೆ ರೇ ಅಲೆನ್ ಅವರದು. ಮಿಲ್ವಾಕೀ ತಂಡದ ಯುವ ಆಟಗಾರರಾಗಿದ್ದ ಅವರನ್ನು ನಿರ್ದೇಶಕ ಸ್ಪೈಕ್ ಲೀ ತಮ್ಮ ‘ಹಿ ಗಾಟ್ ಗೇಮ್’ (1998) ಚಿತ್ರದಲ್ಲಿ ನಟ ಡೆನ್ಜಲ್ ವಾಷಿಂಗ್ಟನ್ ಅವರ ಮಗನ ಪಾತ್ರಕ್ಕೆ ಆರಿಸಿದರು. ಅಲೆನ್ ನೇರವಾಗಿ ಸೆಟ್‌ಗೆ ಹೋಗಲಿಲ್ಲ, ಮೊದಲು ನಟನಾ ಶಿಕ್ಷಕಿಯ ಬಳಿ ವಾರಗಟ್ಟಲೆ ಅಭ್ಯಾಸ ಮಾಡಿದರು. ಅಪ್ಪ ಮಗ ಎದುರುಬದುರಾಗಿ ಆಡುವ ದೃಶ್ಯದಲ್ಲಿ ಅಪ್ಪನಿಗೆ ಒಂದು ಅಂಕವೂ ಸಿಗಬಾರದು ಎಂದು ಚಿತ್ರಕಥೆಯಲ್ಲಿತ್ತು. ಕಾಲೇಜು ದಿನಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ್ದ ವಾಷಿಂಗ್ಟನ್ ಬಿಡದೆ ನಿಜವಾಗಿಯೇ ಬುಟ್ಟಿಗೆ ಹಾಕತೊಡಗಿದರು. ಸ್ಪೈಕ್ ಲೀ ಕ್ಯಾಮೆರಾ ನಿಲ್ಲಿಸಲಿಲ್ಲ. ಅಲೆನ್ ಮುಖದಲ್ಲಿ ಕಾಣುವ ಕಿರಿಕಿರಿ ಹಾಗೆಯೇ ಚಿತ್ರದಲ್ಲಿ ಉಳಿಯಿತು. ನೀವೂ ಪಂದ್ಯಾವಳಿಯ ತಿಂಗಳುಗಳಲ್ಲಿ ದೊಡ್ಡ ಪಾತ್ರ ಒಪ್ಪಿಕೊಳ್ಳಬೇಡಿ. ಬಿಡುವಿನ ತಿಂಗಳುಗಳಲ್ಲಿ ತಾಲೀಮಿಗೆ ತಪ್ಪದೆ ಹೋಗಿ.

ಪ್ರಶ್ನೆ: ಕರೀಂ ಅವರ ಅಂಕಗಳ ದಾಖಲೆ ಈಗಲೂ ಉಳಿದಿದೆಯೇ?
— ಓದುಗರೊಬ್ಬರು, ಬೆಳಗಾವಿ

ಉತ್ತರ: ಇಲ್ಲ. ಎನ್‌ಬಿಎ ಲೀಗ್ ಪಂದ್ಯಗಳಲ್ಲಿ ಒಬ್ಬ ಆಟಗಾರ ಒಟ್ಟಾರೆ ಗಳಿಸಿದ ಅತಿ ಹೆಚ್ಚು ಅಂಕಗಳಾಗಿದ್ದ 38,387ರ ಆ ದಾಖಲೆಯನ್ನು 2023ರ ಫೆಬ್ರವರಿ 7ರಂದು ಲೇಕರ್ಸ್‌ನವರೇ ಆದ ಲೆಬ್ರಾನ್ ಜೇಮ್ಸ್ ಮುರಿದರು. ಅಂದು ಕರೀಂ ಅಲ್ಲೇ ಇದ್ದು ಚೆಂಡನ್ನು ಅವರ ಕೈಗಿತ್ತರು. ಅಂದಹಾಗೆ, ಲೆಬ್ರಾನ್ ಕೂಡ ಸಿನಿಮಾದಲ್ಲಿ ನಟಿಸಿದ್ದಾರೆ: 2015ರ ‘ಟ್ರೇನ್‌ರೆಕ್’ ಹಾಸ್ಯಚಿತ್ರದಲ್ಲಿ ಲೆಬ್ರಾನ್ ಜೇಮ್ಸ್ ಆಗಿಯೇ.