ಕರೋಕೆ ಸಿಡಿ ಬರ್ನ್ ಮಾಡಿದ್ರ ಮ್ಯೂಸಿಕ್ ಬರ್ತದ, ಟಿವಿಯಾಗ ಹಾಡಿನ ಸಾಲು ಬರಲ್ಲ, ಯಾಕ?

ಬೀದರ್‌ನಾಗ ತಂಗಿ ಮದುವಿಗೆ ಕರೋಕೆ ಸಿಡಿ ಮಾಡ್ಲಿಕತ್ತೀರಿ, ಎಂಪಿ3 ಮತ್ತ ಸಿಡಿಜಿ (ಹಾಡಿನ ಸಾಲು ತೋರ್ಸೋ ಫೈಲ್) ಎರಡೂ ಫೈಲ್ ಹಾಕಿದ್ರೂ ಬರೇ ಮ್ಯೂಸಿಕ್ ಕೇಳಸ್ತದ ಅಂದ್ರಿ. ಅದು ಹಂಗೇ ಆಗ್ತದ್ರಿ, ಯಾಕಂದ್ರ ಕರೋಕೆ ಸಿಡಿಯಾಗ ಸಾಲು ಫೈಲ್ ಆಗಿ ಇರಂಗಿಲ್ಲ, ಡಿಸ್ಕ್‌ನ ಸಬ್‌ಕೋಡ್ ಅಂತ ಒಂದ್ ಜಾಗಾ ಅದ, ಅದರಾಗ ಆರ್‌ನಿಂದ ಡಬ್ಲ್ಯೂ ತನಕ ಚಾನೆಲ್‌ನಾಗ ಕೂತಿರ್ತದ, ವಿಂಡೋಸ್‌ನ ಮಾಮೂಲಿ ಬರ್ನ್ ಅದನ್ನ ಮುಟ್ಟೋದೇ ಇಲ್ಲ. ಸಿಡಿಜಿ ಬರ್ನ್ ಮಾಡೋ ಸಾಫ್ಟ್‌ವೇರೇ ಬೇಕು, ಎರಡೂ ಫೈಲಿನ ಹೆಸರು ಒಂದೇ ಇರ್ಬೇಕು, ಜಿಪ್ ಇದ್ರ ಮೊದ್ಲ ಬಿಚ್ಚಿ ನೋಡ್ರಿ. ನಾಕ್ ನಿಮಿಷದ ಹಾಡಿಗೆ ಸಿಡಿಜಿ ಫೈಲ್ ಸುಮಾರು 1.7 ಎಂಬಿ ಇರ್ತದ, ಭಾಳ ಸಣ್ಣದಿದ್ರ ಫೈಲೇ ಅರ್ಧ ಅದ ಅಂತ ತಿಳ್ಕೋರಿ.

ಖರೆ ತಲಿಬ್ಯಾನಿ ಡ್ರೈವ್‌ದು. ರಾ ಮೋಡ್‌ನಾಗ (ಡೇಟಾ ಹೆಂಗದ ಹಂಗೇ ಬರಿಯೋದು) ಸಬ್‌ಚಾನೆಲ್, ಅಂದ್ರ ಆ ಸಬ್‌ಕೋಡ್ ಜಾಗಾ, ಬರೀಲಿಕ್ಕ ಬರೋ ಡ್ರೈವ್ ಬೇಕು, ಲ್ಯಾಪ್‌ಟಾಪ್‌ನ ತೆಳ್ಳನ ಡ್ರೈವ್ ಎಷ್ಟೋ ಬರಿಯಂಗಿಲ್ಲ, ಕೆಲವಂತೂ ಎರರ್ ಸೈತ ಕೊಡದೆ ಸುಮ್ನ ಆಡಿಯೋ ಸಿಡಿ ಮಾಡಿ ಕೊಡ್ತಾವ. ಗೆಳೆಯಾರ ಹಳೇ ಡೆಸ್ಕ್‌ಟಾಪ್ ಸಿಕ್ರ ಅದರಾಗ ಟ್ರೈ ಮಾಡ್ರಿ. ಸಿಡಿ-ಆರ್ ತಗೋರಿ, ಡಿವಿಡಿ ಅಲ್ಲ, ಸ್ಪೀಡ್ ಕಮ್ಮಿ ಇಡ್ರಿ, ಕಡೀಗಿ ಫೈನಲೈಸ್ ಮಾಡ್ರಿ, ಅಂದ್ರ ಡಿಸ್ಕ್ ಬರಿಯೋದು ಮುಗಿಸಿ ಮುಚ್ರಿ.

ಪ್ಲೇಯರ್ ಮ್ಯಾಲೂ ಸಿಡಿ+ಜಿ ಅಂತ ಗುರ್ತು ಇರ್ಬೇಕು. ಇಲ್ಲಂದ್ರ ಈ ಗದ್ದಲೇ ಬ್ಯಾಡ, ಹಾಡನ್ನ ಎಂಪೆಗ್-1 ವಿಡಿಯೋ ಮಾಡಿ ವಿಸಿಡಿ (ವಿಡಿಯೋ ಸಿಡಿ) ಬರ್ನ್ ಮಾಡ್ರಿ, ಮನ್ಯಾಗಿನ ಹಳೇ ಡಿವಿಡಿ ಪ್ಲೇಯರ್‌ನಾಗೂ ಬಹಳ ಮಟ್ಟಿಗೆ ನಡೀತದ.