ಮ್ಯಾಪಿಂಗ್ ಮಾಡಿಯೂ ಅಷ್ಟೇ ಜಾಗವೇಕೆ?

ನಿಮ್ಮ ತಂದೆಯವರ ಪರ್ಸಿಸ್ಟೆಂಟ್ ಏಟ್ರಿಯಲ್ ಫಿಬ್ರಿಲೇಷನ್‌ಗೆ (ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳ ಲಯ ತಪ್ಪಿ, ತಾನಾಗಿ ಸರಿಹೋಗದೆ ಮುಂದುವರಿಯುವ ಸ್ಥಿತಿಗೆ) ಮ್ಯಾಪಿಂಗ್, ಅಂದರೆ ಹೃದಯದ ವಿದ್ಯುತ್ ನಕ್ಷೆ, ಮಾಡಿಯೂ ವೈದ್ಯರು ಶ್ವಾಸಕೋಶದ ಅಭಿಧಮನಿಗಳ ಸುತ್ತ ಮಾತ್ರ ಅಬ್ಲೇಷನ್ (ಅಂಗಾಂಶವನ್ನು ಸುಟ್ಟು ಅಸಹಜ ವಿದ್ಯುತ್ ಸಂಕೇತ ತಡೆಯುವ ಚಿಕಿತ್ಸೆ) ಮಾಡುವುದೇಕೆಂದು ಕೇಳಿದ್ದೀರಿ. ಮ್ಯಾಪಿಂಗ್‌ನಲ್ಲಿ ಕ್ಯಾಥೆಟರ್ ಎಂಬ ತೆಳು ನಳಿಕೆ ಎಡ ಹೃತ್ಕರ್ಣದ ಒಳಗೋಡೆಯನ್ನು ಮುಟ್ಟುತ್ತಾ ಹೋಗಿ ಒಂದೊಂದು ಬಿಂದುವಿನ ವಿದ್ಯುತ್ ಸಂಕೇತವನ್ನೂ ದಾಖಲಿಸುತ್ತದೆ, ಸಂಕೇತ 0.5 ಮಿಲಿವೋಲ್ಟ್‌ಗಿಂತ ಕ್ಷೀಣವಾಗಿರುವ ಜಾಗವನ್ನು ಸಾಮಾನ್ಯವಾಗಿ ಕಲೆಗಟ್ಟಿದ ಅಂಗಾಂಶವೆಂದು ಭಾವಿಸುತ್ತಾರೆ. ಆದರೆ ಲಯ ತಪ್ಪಿರುವಾಗ ವಿದ್ಯುತ್ ಅಲೆಗಳ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುವುದರಿಂದ, ನಕ್ಷೆಯಲ್ಲಿ ಅಸಹಜವಾಗಿ ಕಂಡದ್ದೆಲ್ಲವೂ ರೋಗದ ಮೂಲವಾಗಿರಬೇಕಿಲ್ಲ. 2015ರಲ್ಲಿ ಪ್ರಕಟವಾದ ಸ್ಟಾರ್ ಎಎಫ್ 2 ಅಧ್ಯಯನದಲ್ಲಿ 589 ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ ಹೋಲಿಸಿದಾಗ, ಅಭಿಧಮನಿಗಳ ಸುತ್ತ ಸುಟ್ಟು ಅವುಗಳ ಸಂಕೇತಗಳನ್ನು ಹೃತ್ಕರ್ಣದಿಂದ ಪ್ರತ್ಯೇಕಿಸುವುದರ ಜೊತೆಗೆ ಹೃತ್ಕರ್ಣದ ಗೋಡೆಯಲ್ಲಿ ರೇಖೆಗಳ ಉದ್ದಕ್ಕೋ ಛಿದ್ರ (ಒಡೆದು ಚೂರಾದಂತೆ ಕಾಣುವ) ಸಂಕೇತಗಳ ತಾಣಗಳಲ್ಲೋ ಹೆಚ್ಚುವರಿಯಾಗಿ ಸುಟ್ಟದ್ದರಿಂದ ಅಧಿಕ ಲಾಭವೇನೂ ಕಾಣಲಿಲ್ಲ. ಆದ್ದರಿಂದ ಮೊದಲ ಚಿಕಿತ್ಸೆಯಲ್ಲಿ ಈ ಸಂಯಮ ನನಗೆ ಸರಿಯೆನಿಸುತ್ತದೆ. ಆದರೂ ನಕ್ಷೆಯಲ್ಲಿ ಕಲೆ ಎಷ್ಟಿದೆಯೆಂದು ವೈದ್ಯರನ್ನು ಕೇಳಿ, ಏಕೆಂದರೆ ಅದು ವ್ಯಾಪಕವಾಗಿದ್ದರೆ ಲಯ ಮತ್ತೆ ತಪ್ಪುವ ಸಂಭವ ಹೆಚ್ಚು.