ಬೆಂಕಿ ವಾಹನ ಬರುವ ಮೊದಲಿನ ಹೊತ್ತು: ಓದುಗರ ಪ್ರಶ್ನೆಗಳಿಗೆ ಉತ್ತರ

ಕೆಲಸದ ಜಾಗದಲ್ಲಿ ಅವಘಡವಾದಾಗ ಅಲ್ಲಿರುವವರೇ ಏನು ಮಾಡಬೇಕು, ಅವರನ್ನು ಅದಕ್ಕೆ ಹೇಗೆ ತಯಾರು ಮಾಡಬೇಕು ಎಂದು ಕೇಳಿ ಉತ್ತರ ಕನ್ನಡ ಜಿಲ್ಲೆಯ ಓದುಗರು ಬರೆದ ಪತ್ರಗಳಲ್ಲಿ ನಾಲ್ಕನ್ನು ಈ ಸಲ ಆಯ್ದುಕೊಂಡಿದ್ದೇನೆ. ಮೊದಲನೆಯ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿರುವುದಕ್ಕೆ ಕಾರಣವಿದೆ: ನಮ್ಮ ಬಂದರುಗಳ ಸುತ್ತ ಅಮೋನಿಯಾ ಬಳಸುವ ಮಂಜುಗಡ್ಡೆ ಕಾರ್ಖಾನೆಗಳು ಜನವಸತಿಗೆ ತೀರ ಹತ್ತಿರದಲ್ಲಿವೆ.

ಪ್ರಶ್ನೆ: ಕಾರವಾರದ ಬೈತಖೋಲ ಬಂದರಿನ ಬಳಿಯ ಮಂಜುಗಡ್ಡೆ ಕಾರ್ಖಾನೆಯೊಂದರಲ್ಲಿ ನಾನು ಮೇಲ್ವಿಚಾರಕ. ಎರಡು ಪಾಳಿಯಲ್ಲಿ ಹದಿನಾಲ್ಕು ಜನ ಕೆಲಸ ಮಾಡುತ್ತಾರೆ. ಅವರಲ್ಲಿ ಅರ್ಧದಷ್ಟು ಜನ ಒಡಿಶಾ, ಜಾರ್ಖಂಡ್ ಕಡೆಯವರು. ಅಮೋನಿಯಾ ಸೋರಿದರೆ ಏನು ಮಾಡಬೇಕೆಂಬುದನ್ನು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರೆಸಿ ಗೋಡೆಗೆ ಹಾಕಿದ್ದೇವೆ. ಇಷ್ಟು ಸಾಕೇ? ತರಬೇತಿ ಕೊಡುವುದಾದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಸಾಲದು. ಅಮೋನಿಯಾ ಸೋರಿದಾಗ ಮೊದಲು ಉರಿಯುವುದೇ ಕಣ್ಣು. ಆ ಹೊತ್ತಿನಲ್ಲಿ ಗೋಡೆಯ ಬರಹವನ್ನು ಓದುವವರು ಯಾರೂ ಇರುವುದಿಲ್ಲ, ಮೇಲಾಗಿ ನಿಮ್ಮ ಅರ್ಧ ಜನರಿಗೆ ಆ ಎರಡೂ ಭಾಷೆಗಳು ತಿಳಿಯವು. ಗಾಬರಿಯ ಹೊತ್ತಿನಲ್ಲಿ ಮನುಷ್ಯನ ಕೈ ಹಿಡಿಯುವುದು ಅವನು ಒಮ್ಮೆಯಾದರೂ ಸ್ವತಃ ಮಾಡಿ ನೋಡಿದ ಕೆಲಸ ಮಾತ್ರ ಎಂಬುದನ್ನು ನಾನು ಸುರಕ್ಷತಾ ಅಧಿಕಾರಿಯಾಗಿದ್ದಷ್ಟು ಕಾಲವೂ ಕಂಡಿದ್ದೇನೆ. ಬರಹ ಅಲ್ಲಿಯೇ ಇರಲಿ, ತರಬೇತಿಯನ್ನು ಗಾಳಿಯಿಂದ ಶುರು ಮಾಡಿ.

ಸೋರಿಕೆಯಾದರೆ ಗಾಳಿ ಬರುವ ದಿಕ್ಕಿಗೆ, ಇಲ್ಲವೇ ಅದಕ್ಕೆ ಅಡ್ಡಲಾಗಿ ಸರಿಯಬೇಕು. ನಮ್ಮ ಕರಾವಳಿಯಲ್ಲಿ ಹಗಲು ಗಾಳಿ ಸಾಮಾನ್ಯವಾಗಿ ಕಡಲಿನಿಂದ ನೆಲದ ಕಡೆಗೆ ಬೀಸುತ್ತದೆ, ರಾತ್ರಿ ನೆಲದಿಂದ ಕಡಲಿನ ಕಡೆಗೆ ತಿರುಗುತ್ತದೆ. ಹೀಗಾಗಿ ಹಗಲು ಪಾಳಿಯವರಿಗೆ ಕ್ಷೇಮವಾದ ಜಾಗವೇ ರಾತ್ರಿ ಪಾಳಿಯವರಿಗೆ ಅಪಾಯದ ಜಾಗವಾಗಬಹುದು. ಒಂದರ ಬದಲು ಎರಡು ಸೇರುವ ಜಾಗಗಳನ್ನು ಗೊತ್ತುಮಾಡಿ, ಮಾಡಿನ ಮೇಲೆ, ರಾತ್ರಿಯೂ ದೀಪದ ಬೆಳಕು ಬೀಳುವ ಕಡೆ, ಒಂದು ಗಾಳಿಚೀಲವನ್ನೋ ಹಳೆಯ ನೈಲಾನ್ ಸೀರೆಯ ಪಟ್ಟಿಯನ್ನೋ ಕಟ್ಟಿ. ಪಾಳಿ ಶುರುವಾಗುವಾಗ ಪ್ರತಿದಿನ ಒಬ್ಬರನ್ನು ಕರೆದು, ಅದನ್ನು ನೋಡಿ ಇವತ್ತು ಯಾವ ಕಡೆ ಓಡಬೇಕೆಂದು ಕೇಳಿ. ಬೋಟಿನಲ್ಲಿ ದುಡಿದು ಬಂದವರು ಥಟ್ಟನೆ ಹೇಳುತ್ತಾರೆ; ಒಳನಾಡಿನಿಂದ ಬಂದ ಹುಡುಗರಿಗೂ ಕೆಲವೇ ದಿನಗಳಲ್ಲಿ ರೂಢಿಯಾಗುತ್ತದೆ.

ಅಮೋನಿಯಾ ಗಾಳಿಗಿಂತ ಹಗುರ, ಅದು ಮೇಲಕ್ಕೆ ಹೋಗಿಬಿಡುತ್ತದೆ ಎಂಬ ಮಾತು ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಅನಿಲದ ಮಟ್ಟಿಗೆ ಅದು ನಿಜವಾದರೂ, ಒತ್ತಡದಲ್ಲಿ ದ್ರವವಾಗಿರುವ ಅಮೋನಿಯಾ ಹೊರಬಂದಾಗ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿರುವುದರಿಂದ ಬಿಳಿಯ ಮಂಜಿನಂತೆ ನೆಲಕ್ಕೆ ಅಂಟಿಕೊಂಡೇ ಹರಡುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ 300 ಭಾಗ ಸೇರಿದರೂ ಅದು ಜೀವಕ್ಕೆ ಅಪಾಯ. ನಮ್ಮ ಪುಣ್ಯಕ್ಕೆ ಅದಕ್ಕಿಂತ ಎಷ್ಟೋ ಮೊದಲೇ ಮೂಗಿಗೆ ಘಾಟು ಹೊಡೆಯುತ್ತದೆ. ನೀರಿನಲ್ಲಿ ಬೇಗ ಕರಗುವ ಗುಣ ಇರುವುದರಿಂದ ಒದ್ದೆ ಬಟ್ಟೆಯನ್ನು ಮೂಗು, ಬಾಯಿಗೆ ಒತ್ತಿ ಹೊರಬರುವುದನ್ನು ಎಲ್ಲರಿಗೂ ಮಾಡಿ ತೋರಿಸಿ. ಆ ಬಟ್ಟೆ ಹೊರಗೆ ಬರುವುದಕ್ಕೆ ಮಾತ್ರ ಒದಗುತ್ತದೆ, ಅದನ್ನು ಕಟ್ಟಿಕೊಂಡು ಒಳಗೆ ನುಗ್ಗಬಾರದು ಎಂಬುದನ್ನೂ ಒತ್ತಿ ಹೇಳಿ. ಕಣ್ಣಿಗೆ ತಾಗಿದವರನ್ನು ನಲ್ಲಿಯ ಕೆಳಗೆ ಕನಿಷ್ಠ 15 ನಿಮಿಷ ಹಿಡಿದಿರಬೇಕು, ಅವರು ಸಾಕು ಸಾಕು ಎಂದರೂ ಬಿಡಬಾರದು. ಗಾಳಿಯಲ್ಲಿ ಹರಡುತ್ತಿರುವ ಆವಿಗೆ ನೀರು ಸಿಂಪಡಿಸಿದರೆ ಅದು ತಗ್ಗುತ್ತದೆ. ನೆಲದಲ್ಲಿ ಕಟ್ಟಿ ನಿಂತ ದ್ರವಕ್ಕೆ ನೀರು ಸುರಿದರೆ ಮಾತ್ರ ಅದು ಇನ್ನಷ್ಟು ಕುದಿದು ಮೇಲೇಳುತ್ತದೆ.

ಇನ್ನು ಮಾಸ್ಕಿನ ವಿಷಯ. ಬಹಳ ಹಿಂದೆ ಕರಾವಳಿಯ ಒಂದು ಶೀತಲೀಕರಣ ಘಟಕದಲ್ಲಿ ನಾನು ಅಣಕು ಕಾರ್ಯಾಚರಣೆ ಮಾಡಿಸಿದ್ದೆ. ಮಾಸ್ಕ್ ಇಟ್ಟ ಕಪಾಟಿಗೆ ಬೀಗವಿತ್ತು, ಬೀಗದ ಕೈ ಮ್ಯಾನೇಜರರ ಬೈಕಿನ ಕೀಗೊಂಚಲಿನಲ್ಲಿತ್ತು, ಅವರು ಊಟಕ್ಕೆ ಹೋಗಿದ್ದರು. ಕೊನೆಗೂ ಮಾಸ್ಕ್ ಕೈಗೆ ಬಂದು, ಆಪರೇಟರ್ ಅದನ್ನು ಮುಖಕ್ಕೆ ಬಿಗಿದುಕೊಂಡು ನಾಲ್ಕು ಹೆಜ್ಜೆ ನಡೆದವನು ಮುಖ ಕೆಂಪಗಾಗಿ ಅದನ್ನು ಕಿತ್ತೆಸೆದು ಏದುಸಿರು ಬಿಡುತ್ತ ಕುಳಿತುಬಿಟ್ಟ. ಮಾಸ್ಕಿಗೆ ಜೋಡಿಸಿದ, ಗಾಳಿ ಸೋಸುವ ಡಬ್ಬಿಯ ತಳದ ರಬ್ಬರ್ ಬಿರಡೆಯನ್ನು ಯಾರೂ ತೆಗೆದಿರಲಿಲ್ಲ. ಅದನ್ನು ತೆಗೆಯಬೇಕೆಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅಂದು ಸೋರಿಕೆ ನಿಜವಾಗಿದ್ದರೆ ಆ ಹುಡುಗ ಮನೆಗೆ ಮರಳುತ್ತಿರಲಿಲ್ಲ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆದ್ದರಿಂದ ಹದಿನಾಲ್ಕು ಜನರೂ ಒಬ್ಬೊಬ್ಬರಾಗಿ ಬಿರಡೆ ತೆಗೆದು, ಪಟ್ಟಿ ಬಿಗಿದು, ಅಂಗೈಯಿಂದ ಡಬ್ಬಿಯ ಬಾಯಿ ಮುಚ್ಚಿ ಉಸಿರೆಳೆದು, ಮಾಸ್ಕ್ ಮುಖಕ್ಕೆ ಕಚ್ಚಿಕೊಂಡಿದೆಯೇ ಎಂದು ನೋಡಿಕೊಳ್ಳಲಿ. ಇದಕ್ಕೆ ಹಳೆಯ ಡಬ್ಬಿಯೊಂದನ್ನು ಬೇರೆ ಇಟ್ಟುಕೊಳ್ಳಿ, ಬಿರಡೆ ತೆಗೆದ ಡಬ್ಬಿಯನ್ನು ಮತ್ತೆ ಕಪಾಟಿಗೆ ಸೇರಿಸಬೇಡಿ. ಗಡ್ಡವಿದ್ದರೆ ಮಾಸ್ಕ್ ಕಚ್ಚಿಕೊಳ್ಳುವುದಿಲ್ಲ. ಡಬ್ಬಿ ಮಾಸ್ಕ್ ಸಣ್ಣ ಸೋರಿಕೆಗೆ ಮಾತ್ರ. ಬಿಳಿ ಮಂಜು ಕಂಡಲ್ಲಿಗೆ ಸಿಲಿಂಡರಿನ ಉಸಿರಾಟದ ಸಾಧನವಿದ್ದು ಅದರಲ್ಲಿ ಪಳಗಿದವರ ಹೊರತು ಬೇರಾರೂ ಹೋಗಕೂಡದು.

ಪ್ರತಿ ಪಾಳಿಗೂ ಮೂವರಿಗೆ ಕೆಲಸ ಹಂಚಿ: ಒಬ್ಬರು ಹೊರಗಿನ ಸ್ವಿಚ್ಚಿನಿಂದ ಕಂಪ್ರೆಸರ್ ನಿಲ್ಲಿಸಿ, ಸಾಧ್ಯವಿದ್ದರೆ ಮಾತ್ರ ರಿಸೀವರಿನ (ದ್ರವ ಅಮೋನಿಯಾ ತುಂಬಿರುವ ಟ್ಯಾಂಕಿನ) ಮುಖ್ಯ ವಾಲ್ವ್ ಮುಚ್ಚುವವರು, ಒಬ್ಬರು 112ಕ್ಕೆ ಕರೆ ಮಾಡಿ, ಅಕ್ಕಪಕ್ಕದವರನ್ನು ಎಚ್ಚರಿಸುವವರು, ಮತ್ತೊಬ್ಬರು ಸೇರುವ ಜಾಗದಲ್ಲಿ ತಲೆ ಎಣಿಸುವವರು. ಉಳಿದವರ ಕೆಲಸ ಹೊರಗೆ ಹೋಗುವುದಷ್ಟೆ. ಮೂವರಿಗೂ ಬದಲಿ ಇರಲಿ, ಏಕೆಂದರೆ ಹೆಸರು ಬರೆದವನು ರಜೆಯಲ್ಲಿರುವ ದಿನವೂ ವಾಲ್ವ್ ಸೋರಬಹುದು. ಕರೆ ಮಾಡುವುದನ್ನೂ ಬಾಯಿಬಿಟ್ಟು ಅಭ್ಯಾಸ ಮಾಡಿಸಿ: ಯಾವ ಅನಿಲ, ಒಳಗೆ ಎಷ್ಟು ಜನ, ಗಾಳಿ ಯಾವ ಕಡೆಗೆ, ಬೆಂಕಿ ವಾಹನ ಯಾವ ರಸ್ತೆಯಿಂದ ಬರಬೇಕು. ಕಂಪ್ರೆಸರಿನ ಎಣ್ಣೆ ಇಳಿಸುವ ಕೆಲಸದಲ್ಲಿ ಅವಘಡಗಳು ಆಗುವುದು ಹೆಚ್ಚು. ಅದನ್ನು ಒಬ್ಬನೇ ಮಾಡಬಾರದು, ವಾಲ್ವ್ ತೆರೆದಿಟ್ಟು ಚಹಾಕ್ಕೂ ಹೋಗಬಾರದು.

ಯಾವಾಗ ಕಲಿಸಬೇಕು ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದ 61 ದಿನ ಬಿಡುವಿರುತ್ತದೆಂದು ಹಲವರು ಆಗ ತರಬೇತಿ ಇಟ್ಟುಕೊಳ್ಳುತ್ತಾರೆ. ಆದರೆ ಆ ಹೊತ್ತಿಗೆ ಹೊರರಾಜ್ಯದ ಹುಡುಗರು ಊರಿಗೆ ಹೋಗಿರುತ್ತಾರೆ, ಆಗಸ್ಟಿನಲ್ಲಿ ಬರುವವರಲ್ಲಿ ಹೊಸಬರೇ ಹೆಚ್ಚು. ಯಂತ್ರಗಳ ದುರಸ್ತಿ ಜುಲೈಯಲ್ಲಿ ಮುಗಿಯಲಿ, ಜನರ ತರಬೇತಿ ಆಗಸ್ಟಿನ ಮೊದಲ ವಾರದಲ್ಲಿ, ಮೊದಲ ಲೋಡಿಗೆ ಮುನ್ನ ಆಗಲಿ. ಅವರ ಭಾಷೆ ಬಲ್ಲ ಹಳೆಯ ಕೆಲಸಗಾರನೊಬ್ಬನ ಬಾಯಿಂದಲೇ ಆಗಲಿ.

ಪ್ರಶ್ನೆ: ಕುಮಟಾ ಸಮೀಪದ ಗೇರುಬೀಜ ಕಾರ್ಖಾನೆಯಲ್ಲಿ ಸುಮಾರು ಎಂಬತ್ತು ಮಹಿಳೆಯರು ದುಡಿಯುತ್ತೇವೆ. ಕಳೆದ ವರ್ಷ ಒಮ್ಮೆ ಗಂಟೆ ಬಾರಿಸಿ ಎಲ್ಲರನ್ನೂ ಹೊರಗೆ ಓಡಿಸಿದರು. ಬಾಗಿಲಲ್ಲಿ ನೂಕುನುಗ್ಗಲಾಗಿ ಒಬ್ಬಳು ಬಿದ್ದಳು. ಆಮೇಲೆ ಯಾರೂ ಅದರ ಮಾತೆತ್ತಿಲ್ಲ. ಇದನ್ನು ತರಬೇತಿ ಎನ್ನಬಹುದೇ?

ಉತ್ತರ: ಅಮ್ಮಾ, ಬಿದ್ದವಳು ಏಕೆ ಬಿದ್ದಳು ಎಂದು ಅಂದೇ ಕೂತು ಮಾತನಾಡಿದ್ದರೆ ಅದು ತರಬೇತಿ ಆಗುತ್ತಿತ್ತು. ಓಡುವುದಕ್ಕಿಂತ ಓಡಿದ ಮೇಲೆ ನಡೆಯುವ ಆ ಅರ್ಧ ಗಂಟೆಯ ಮಾತಿನಲ್ಲಿಯೇ ಕಲಿಕೆ ಇರುವುದು.

ನಾನು ನೋಡಿದ ಇಂಥದೇ ಒಂದು ಕಡೆ ಕಾರಣ ಬಾಗಿಲ ಬಳಿಯ ಚಪ್ಪಲಿಗಳಾಗಿದ್ದವು. ಎಲ್ಲರೂ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಗಂಟೆ ಹೊಡೆದಾಗ ಮೊದಲು ಹೊರಬಂದವರು ಬಗ್ಗಿ ತಮ್ಮ ಜೋಡಿ ಹುಡುಕತೊಡಗಿದರು, ಹಿಂದಿನವರು ಅವರ ಮೇಲೆ ಬಿದ್ದರು. ಗೋಡೆಯ ಗೂಡಿನಲ್ಲಿಟ್ಟ ಬುತ್ತಿ ಚೀಲಕ್ಕೆಂದು ತಿರುಗಿ ಹೋದವರೂ ಇದ್ದರು. ಇದಕ್ಕೆ ಅವರನ್ನು ಬೈದು ಫಲವಿಲ್ಲ. ಚಪ್ಪಲಿಯ ಸ್ಟ್ಯಾಂಡನ್ನು ಬಾಗಿಲಿನಿಂದ ದೂರ ಸರಿಸಿದರು, ಎರಡನೆಯ ಬಾಗಿಲಿಗೆ ಅಡ್ಡವಿದ್ದ ಚೀಲಗಳನ್ನು ತೆಗೆದರು, ಬರಿಗಾಲಲ್ಲೇ ಹೊರಡಬೇಕೆಂದು ಎಲ್ಲರಿಗೂ ಹೇಳಿದರು. ಮುಂದಿನ ಸಲ ನೂಕಾಟವಿರಲಿಲ್ಲ.

ನಿಮ್ಮಲ್ಲಿ ಪ್ರತಿ ಸಾಲಿಗೆ ಒಬ್ಬರನ್ನು ಮುಂದಾಳಾಗಿ ಆರಿಸಿ. ಹತ್ತು ಹನ್ನೆರಡು ಮುಖಗಳನ್ನು ಒಬ್ಬಾಕೆ ನೆನಪಿಟ್ಟುಕೊಳ್ಳಬಲ್ಲಳು, ಎಂಬತ್ತನ್ನು ಆಗದು. ಯಾರು ಬಂದಿಲ್ಲ ಎಂದು ಹಾಜರಿ ಪುಸ್ತಕವಿಲ್ಲದೆಯೇ ಆಕೆ ಹೇಳಬೇಕು. ಗರ್ಭಿಣಿಯರು, ಮೊಣಕಾಲು ನೋವಿನವರು ಯಾರ ಕೈ ಹಿಡಿದು ಹೊರಡಬೇಕೆಂಬುದನ್ನೂ ಆಕೆಯೇ ಮೊದಲೇ ಗೊತ್ತುಮಾಡಿರಬೇಕು. ಗೇರು ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುವಂಥದು, ಬೆಂಕಿಗೂ ಬೇಗ ಹತ್ತುವಂಥದು. ಸೀರೆಗೆ ಕಿಡಿ ತಗುಲಿದರೆ ಓಡದೆ ನೆಲಕ್ಕೆ ಬಿದ್ದು ಹೊರಳಬೇಕು, ಬಳಿಯಲ್ಲಿದ್ದವರು ದಪ್ಪ ಹತ್ತಿಯ ಇಲ್ಲವೇ ಉಣ್ಣೆಯ ಕಂಬಳಿ ಹೊದಿಸಬೇಕು, ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟ್, ಶಾಯಿ ಯಾವುದನ್ನೂ ಹಚ್ಚಬೇಡಿ. ನೆಲದ ಮೇಲೆ ಹೊರಳಲು ನಾಚಿಕೆಯಾಗುತ್ತದೆ ಎಂದು ತರಬೇತಿಯಲ್ಲಿ ಹಿಂಜರಿಯುವವರಿದ್ದಾರೆ. ಗಂಡಸರನ್ನು ಹೊರಗೆ ಕಳುಹಿಸಿ, ನಿಮ್ಮ ನಿಮ್ಮಲ್ಲೇ ಮಾಡಿ ನೋಡಿ.

ಪ್ರಶ್ನೆ: ಶಿರಸಿಯಲ್ಲಿ ನಮ್ಮದೊಂದು ಅಡಿಕೆ ವಖಾರಿ ಇದೆ. ನಾಲ್ಕು ಅಗ್ನಿಶಾಮಕ ಸಿಲಿಂಡರ್ ತೂಗುಹಾಕಿದ್ದೇವೆ. ಹಮಾಲರಿಗೆ ಅದನ್ನು ಬಳಸುವುದು ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಲಿಯಲು ಒಂದನ್ನು ಖಾಲಿ ಮಾಡುವುದು ದುಂದಲ್ಲವೇ?

ಉತ್ತರ: ದುಂದಾಗದಂತೆ ಕಲಿಯುವ ದಾರಿಯಿದೆ. ಮರುಭರ್ತಿಗೆ ಕಳುಹಿಸಬೇಕಾದ ಸಿಲಿಂಡರನ್ನು ಹಾಗೆಯೇ ಕಳುಹಿಸಬೇಡಿ. ಹಿಂದಿನ ದಿನ ಅಂಗಳದಲ್ಲಿ ತಗಡಿನ ಮೇಲೆ ಒಣ ಸೋಗೆಗೆ ಸಣ್ಣ ಬೆಂಕಿ ಹಾಕಿ, ಪಕ್ಕದಲ್ಲಿ ನೀರಿಟ್ಟುಕೊಂಡು, ಇಬ್ಬರು ಹಮಾಲರ ಕೈಗೆ ಕೊಡಿ. ಪಿನ್ ಎಳೆದು, ನಳಿಗೆಯನ್ನು ಬೆಂಕಿಯ ಬುಡಕ್ಕೆ ಹಿಡಿದು, ಹಿಡಿ ಒತ್ತಿ, ಅತ್ತಿಂದಿತ್ತ ಬೀಸಬೇಕು. 6 ಕೆಜಿಯ ಸಿಲಿಂಡರಿನ ಪುಡಿ 15ರಿಂದ 20 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ ಎಂಬುದು ಕಣ್ಣಾರೆ ಕಂಡಾಗಲೇ ಮನದಟ್ಟಾಗುವುದು. ಅಡಿಕೆ ಚೀಲದ ಬೆಂಕಿಯಲ್ಲಿ ಪುಡಿ ಮೇಲಿನ ಜ್ವಾಲೆಯನ್ನು ಮಾತ್ರ ಆರಿಸುತ್ತದೆ, ಒಳಗಿನ ಕೆಂಡ ಉಳಿಯುತ್ತದೆ. ಕರೆಂಟಿನ ಮೇನ್ ಆಫ್ ಮಾಡಿ, ಚೀಲಗಳನ್ನು ಬೇರ್ಪಡಿಸಿ, ನೀರು ಹಾಕಲೇಬೇಕು. ಸಿಲಿಂಡರ್ ಖಾಲಿಯಾದರೂ ಬೆಂಕಿ ಬಗ್ಗದಿದ್ದರೆ ಮಾಲು ಬಿಟ್ಟು ಹೊರಡಿ.

ಭಾರ ಹೊರುವವರು ಹಠಾತ್ತನೆ ಕುಸಿದು ಉಸಿರಾಟ ನಿಂತರೆ ಎದೆ ಒತ್ತುವುದನ್ನೂ ಇಬ್ಬರು ಕಲಿತಿರಲಿ. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, 108 ಬರುವವರೆಗೆ ನಿಲ್ಲಿಸದೆ. ದಣಿದಾಗ ಕೈ ಬದಲಿಸಲೆಂದೇ ಇಬ್ಬರು ಎಂದದ್ದು.

ಪ್ರಶ್ನೆ: ಅಂಕೋಲಾ ತಾಲ್ಲೂಕಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗ್ಯಾರೇಜೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಹಿಂದೆ ಕಡಿದ ಗುಡ್ಡ. ಮಾಲೀಕರು ಹುಬ್ಬಳ್ಳಿಯಲ್ಲಿರುತ್ತಾರೆ, ಬಾಗಿಲು ಹಾಕುವ ಮುನ್ನ ತಮ್ಮನ್ನು ಕೇಳಬೇಕೆನ್ನುತ್ತಾರೆ. ಮಳೆಗಾಲದಲ್ಲಿ ನಾವು ಆರು ಜನ ಜೀವ ಕೈಯಲ್ಲಿ ಹಿಡಿದು ಕೂರುತ್ತೇವೆ. ಏನು ಮಾಡಬೇಕು?

ಉತ್ತರ: 2024ರ ಜುಲೈ 16ರಂದು ನಿಮ್ಮದೇ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯ ಚಹಾದಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಯ ಕಡೆಗೆ ತಳ್ಳಿದ್ದನ್ನು ನೀವು ನನಗಿಂತ ಹತ್ತಿರದಿಂದ ಬಲ್ಲಿರಿ. ಗುಡ್ಡ ಜಾರತೊಡಗಿದ ಮೇಲೆ ಫೋನ್ ಮಾಡಿ ಅಪ್ಪಣೆ ಕೇಳುವಷ್ಟು ಹೊತ್ತು ಸಿಗುವುದಿಲ್ಲ. ನಿಮ್ಮ ತಂಡಕ್ಕೆ ಮೊದಲು ಬೇಕಾದದ್ದು ಹೊರಡುವ ಅಧಿಕಾರ, ಉಪಕರಣಗಳ ಮಾತು ಆಮೇಲೆ.

ದೂರದ ಉದಾಹರಣೆಯಾದರೂ ಇಲ್ಲಿ ಹೇಳಲೇಬೇಕು. 1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಗೆ ಬೆಂಕಿ ಬಿದ್ದು 167 ಜನ ಸತ್ತರು. ಪಕ್ಕದ ವೇದಿಕೆಗಳವರು ಬೆಂಕಿಯನ್ನು ಕಣ್ಣಾರೆ ಕಂಡರೂ, ದಡದಿಂದ ಅಪ್ಪಣೆಯಿಲ್ಲದೆ ಉತ್ಪಾದನೆ ನಿಲ್ಲಿಸುವ ಅಧಿಕಾರ ತಮಗಿಲ್ಲವೆಂದುಕೊಂಡು ಅದೇ ಕೊಳವೆ ಜಾಲಕ್ಕೆ ತೈಲ, ಅನಿಲ ಹರಿಸುತ್ತಲೇ ಇದ್ದರು. ವಸತಿ ಕೋಣೆಗಳಲ್ಲಿ ಸೇರಿ ಆದೇಶಕ್ಕೆ ಕಾದ ಹಲವರು ಅಲ್ಲಿಯೇ ಪ್ರಾಣ ಬಿಟ್ಟರು. ಆದೇಶಕ್ಕೆ ಕಾಯದೆ ಸಮುದ್ರಕ್ಕೆ ಹಾರಿದವರಲ್ಲಿ ಅನೇಕರು ಬದುಕಿದರು.

ನಮ್ಮಲ್ಲಿಯೂ 1984ರ ಭೋಪಾಲದ ಅನಿಲ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿಯು ತನ್ನ ಸುರಕ್ಷತೆಯ ಮಾಹಿತಿ ಮತ್ತು ತರಬೇತಿ ಪಡೆಯುವುದು ಕೆಲಸಗಾರನ ಹಕ್ಕೆಂದು ಬರೆಯಿತು. ಆರು ಜನರ ಗ್ಯಾರೇಜು ಕಾರ್ಖಾನೆ ಅಲ್ಲದಿರಬಹುದು, ಜೀವ ಮಾತ್ರ ಅದೇ. ಮಾಲೀಕರು ಮುಂದಿನ ಸಲ ಬಂದಾಗ ಅವರನ್ನು ಗುಡ್ಡದ ಬುಡಕ್ಕೆ ಕರೆದೊಯ್ದು ತೋರಿಸಿ, ಗುರುತುಗಳನ್ನು ಕೂಡಿಯೇ ಗೊತ್ತುಮಾಡಿಕೊಳ್ಳಿ: ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ತಿಳಿಯಾಗಿ ಹರಿಯುತ್ತಿದ್ದ ಒರತೆ ಕೆಂಪಾಗುವುದು ಅಥವಾ ಥಟ್ಟನೆ ನಿಲ್ಲುವುದು, ಸಣ್ಣ ಕಲ್ಲುಗಳು ಉರುಳುವುದು. ಇವುಗಳಲ್ಲಿ ಒಂದು ಕಂಡರೂ ಆರು ಜನರಲ್ಲಿ ಯಾರು ಬೇಕಾದರೂ, ನಿನ್ನೆ ಸೇರಿದ ಹುಡುಗನಾದರೂ, ಹೊರಡಿ ಎಂದು ಕೂಗಬಹುದು, ಕೂಗಿದ ಮೇಲೆ ಎಲ್ಲರೂ ಜಾರುವ ಹಾದಿಗೆ ಅಡ್ಡಲಾಗಿ ಬದಿಗೆ ಸರಿಯಬೇಕು, 112ಕ್ಕೂ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೂ ತಿಳಿಸಬೇಕು, ಮಾಲೀಕರಿಗೆ ಕರೆ ಅದರ ನಂತರ. ಇದನ್ನು ಅವರ ಕೈಯಲ್ಲೇ ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಕೆಳಗೆ ಇನ್ನೊಂದು ಸಾಲು ಸೇರಿಸುವಂತೆ ಕೇಳಿ: ಗುಡ್ಡ ಕುಸಿಯದೆ ಉಳಿದರೂ ಆ ದಿನದ ಪಗಾರ ಕಡಿಯುವುದಿಲ್ಲ, ಕೂಗಿದವನನ್ನು ಯಾರೂ ಬೈಯುವುದಿಲ್ಲ.